ಬೇಗ ಬಿಚ್ಚಿದ ಪಟ್ಟಿ

ಚಳಿ ಇಳಿದು ಬಿಸಿಲು ಇನ್ನೂ ಬಲಿಯದ ಹತ್ತು ಹನ್ನೊಂದು ವಾರಗಳೇ ಸೀಬೆ ಕಸಿಯ ಮುಖ್ಯ ಕಾಲ. ಆ ವಾರಗಳಲ್ಲಿ ಆ ಮನೆಯವರಾರೂ ನೆಮ್ಮದಿಯಾಗಿ ಕೂತು ಉಣ್ಣುತ್ತಿರಲಿಲ್ಲ. ಬೆಳಕು ಹರಿಯುತ್ತಿದ್ದಂತೆ ಸೊಸೆ ಬೇಲಿಯಂಚಿನ ತಾಯಿಮರಗಳಿಂದ ಪೆನ್ಸಿಲ್ ದಪ್ಪದ ಕಡ್ಡಿಗಳನ್ನು ಕೊಯ್ದು, ಒದ್ದೆ ಬಟ್ಟೆಯಲ್ಲಿ ಸುತ್ತಿ ತರುತ್ತಿದ್ದಳು. ಯಜಮಾನ ಬೇರುಗಿಡದ ಚೀಲಗಳಿಗೆ ನೀರು ಹನಿಸಿ ಸಾಲು ಹಿಡಿಸುತ್ತಿದ್ದ. ಮಗ ಹೋದ ವರ್ಷದ ಗಿಡಗಳನ್ನು ಹಳೆಯ ವ್ಯಾನಿಗೆ ತುಂಬಿಕೊಂಡು ತೋಟ ತೋಟ ಸುತ್ತುತ್ತಿದ್ದ. ನೆರಳುಬಲೆಯ ಕೆಳಗೆ ಗಿಡ್ಡ ಮಣೆ ಹಾಕಿಕೊಂಡು ಕೂತು ಕಸಿ ಕಟ್ಟುವವಳು ಮಾತ್ರ ಒಬ್ಬಳೇ, ಯಜಮಾನನ ಹೆಂಡತಿ. ಅವಳನ್ನು ಎಲ್ಲರೂ ಕರೆಯುತ್ತಿದ್ದುದೇ ಕಸಿಯಮ್ಮ ಎಂದು.

ಬೇರುಗಿಡದ ತಲೆ ಹಾರಿಸಬೇಕು, ಕಾಂಡವನ್ನು ನಡುವೆ ಸೀಳಬೇಕು, ಕಡ್ಡಿಯ ಬುಡವನ್ನು ಬೆಣೆಯ ಹಾಗೆ ಹೆರೆದು ಸೀಳಿಗಿಳಿಸಿ, ತೊಗಟೆಗೆ ತೊಗಟೆ ಕೂಡಿಸಿ ಪ್ಲಾಸ್ಟಿಕ್ ಪಟ್ಟಿ ಬಿಗಿಯಬೇಕು. ಕೆಲಸ ಇಷ್ಟೇ. ಆದರೆ ಕೂದಲೆಳೆಯಷ್ಟು ಆಚೀಚೆಯಾದರೂ ಕಡ್ಡಿ ಒಣಗುತ್ತದೆ. ಮೂವತ್ತೈದು ವರ್ಷಗಳಿಂದ ಕಸಿಯಮ್ಮ ಕಟ್ಟಿದ ನೂರರಲ್ಲಿ ತೊಂಬತ್ತು ಚಿಗುರುತ್ತಿದ್ದವು. ಗಿರಾಕಿಗಳು ಬಂದರೆ ಗಿಡವನ್ನು ತಿರುಗಿಸಿ ನೋಡುವ ಗೋಜಿಗೇ ಹೋಗುತ್ತಿರಲಿಲ್ಲ. "ಅಮ್ಮನ ಕೈಯದೇ ತಾನೇ?" ಎಂದು ಕೇಳಿ ಹೊತ್ತುಕೊಂಡು ಹೋಗುತ್ತಿದ್ದರು.

ಆ ವರ್ಷ ಅವಳು ಒಂದೇ ಕಣ್ಣಿನಲ್ಲಿ ಕಟ್ಟುತ್ತಿದ್ದಳು. ಎಡಗಣ್ಣಿಗೆ ನೆರಳು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

ಮೂರು ವರ್ಷದ ಹಿಂದೆ ಎರಡೂ ಕಣ್ಣು ಕೆಂಪೇರಿ ಉರಿದಾಗ ಒಬ್ಬರು ಧೂಳು ಅಂದರು, ಇನ್ನೊಬ್ಬರು ಅಲರ್ಜಿ ಅಂದರು. ಬಗೆಬಗೆಯ ಹನಿ ಹಾಕಿದ್ದಾಯಿತು. ಅಷ್ಟರಲ್ಲಿ ಎಡಗಣ್ಣಿನ ಕೆಳರೆಪ್ಪೆ ಗುಡ್ಡೆಗೇ ಅಂಟಿಕೊಂಡಿತು, ರೆಪ್ಪೆಗೂದಲು ಒಳಕ್ಕೆ ತಿರುಗಿ ಗುಡ್ಡೆಯನ್ನು ಗೀರತೊಡಗಿತು. ವಸಡು ಹುಣ್ಣಾಗಿ ಖಾರ ಬಾಯಿಗಿಡಲಾಗದಂತಾಯಿತು. ಕೊನೆಗೆ ಪೇಟೆಯ ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಬಿಳಿಗಣ್ಣಿನ ಮೇಲ್ಪದರದಿಂದ ಸಾಸಿವೆ ಕಾಳಿನಷ್ಟು ಚೂರು ತೆಗೆದು ಪರೀಕ್ಷೆಗೆ ಕಳಿಸಿ ಕಾಯಿಲೆ ಏನೆಂದು ಹಿಡಿದಳು.

"ಮೈಯನ್ನ ಕಾಯಬೇಕಾದ ಶಕ್ತಿಯೇ ಕಣ್ಣನ್ನ ಶತ್ರು ಅಂದ್ಕೊಂಡು ಹೊಡೀತಿದೆ. ಹೊಡೆದ ಕಡೆಯೆಲ್ಲ ಗಾಯದ ಕಲೆ ಕಟ್ಟಿ ಕಣ್ಣು ಒಳಗೊಳಗೇ ಮುದುರ್ಕೊಳ್ಳುತ್ತೆ," ಎಂದಿದ್ದಳು.

"ಬೇಲಿನೇ ಎದ್ದು ಹೊಲ ಮೇಯ್ತಿದೆ ಅನ್ನಿ," ಎಂದಿದ್ದ ಯಜಮಾನ.

"ಸರಿಯಾಗಿ ಹೇಳಿದ್ರಿ. ಈಗ ಬೇಲಿಯನ್ನ ತಗ್ಗಿಸೋ ಗುಳಿಗೆ ಕೊಡ್ತೀನಿ. ಬೇಲಿ ತಗ್ಗಿದ ಮೇಲೆ ಹೊರಗಿನ ದನ ನುಗ್ಗದ ಹಾಗೆ ನೀವು ಕಾಯಬೇಕು."

ಆ ಕಾವಲು ಶುರುವಾಗಿ ಹದಿನಾಲ್ಕು ತಿಂಗಳಾಗಿತ್ತು. ಬೆಳಿಗ್ಗೆ ಎರಡು, ಸಂಜೆ ಎರಡು ಗುಳಿಗೆ. ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ಗೊಬ್ಬರದ ಗುಂಡಿಯ ಹತ್ತಿರ ಸುಳಿಯುವಂತಿಲ್ಲ, ಬರಿಗೈಯಲ್ಲಿ ಮಣ್ಣು ಮುಟ್ಟುವಂತಿಲ್ಲ, ಕೆಮ್ಮುವವರ ಪಕ್ಕ ಕೂರುವಂತಿಲ್ಲ. "ಇವಳ ಕೈ ಮಾತ್ರ ಕೆಸರಾಗಬಾರದಂತೆ, ಬಾಯಿಗೆ ಮೊಸರಂತೂ ಬೇಕೇ ಬೇಕಂತೆ," ಎಂದು ಯಜಮಾನ ನಗುತ್ತಿದ್ದ. ಅವಳಿಗೆ ನಗು ಬರುತ್ತಿರಲಿಲ್ಲ. ಮುಳ್ಳು ಚುಚ್ಚಿದ ಬೆರಳು ಮೂರು ವಾರ ಕೀವಾಗಿ ಕೂತಿತ್ತು. ಮೊಮ್ಮಗಳಿಗೆ ಚಿಕನ್‌ಪಾಕ್ಸ್ ಆದಾಗ ಇವಳನ್ನೇ ಮನೆಯಿಂದ ಆಚೆ ಮಾಡಿ, ಬೀಜದ ಕೋಣೆಯಲ್ಲಿ ಮಂಚ ಹಾಕಿಕೊಟ್ಟು, ತಟ್ಟೆಯನ್ನು ಹೊಸ್ತಿಲ ಮೇಲಿಟ್ಟು ಹೋಗುತ್ತಿದ್ದರು. ಆ ಹುಡುಗಿ ಹುಟ್ಟಿದಾಗಿನಿಂದ ಇವಳ ಮಗ್ಗುಲಲ್ಲೇ ಮಲಗಿದವಳು. ಗುಳ್ಳೆ ಉದುರಿ ಎಲ್ಲ ಮುಗಿದ ಮೇಲೂ ಅವಳು ತಾಯಿಯ ಹಾಸಿಗೆಯಲ್ಲೇ ಉಳಿದಳು.

ಕಸಿ ಶುರುವಾದ ಮೊದಲ ವಾರ ಮಗ ಅವಳನ್ನು ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದ. ಡಾಕ್ಟರಮ್ಮ ಬಲಗಣ್ಣಿನ ಕೆಳರೆಪ್ಪೆಯನ್ನು ಎಳೆದು ಹಿಡಿದು, ಪುಟ್ಟ ಅಳತೆಪಟ್ಟಿ ಇಟ್ಟು, ಕಾಗದದ ಮೇಲೆ ಗುರುತು ಹಾಕಿಕೊಂಡಳು.

"ಶಾಂತವಾಗಿದೆ. ರೆಪ್ಪೆಯ ಒಳಗಿನ ಆಳ ಹೋದ ಸಲ ಎಷ್ಟಿತ್ತೋ ಈಗಲೂ ಅಷ್ಟೇ ಇದೆ."

"ಹಾಗಾದ್ರೆ ಗುಳಿಗೆ ನಿಲ್ಲಿಸಬಹುದಲ್ಲ?"

"ಈಗಲೇ ಬೇಡಮ್ಮ. ಇನ್ನೊಂದು ವರ್ಷವಾದ್ರೂ ಹೀಗೇ ಇರಲಿ. ಆಮೇಲೆ ನಿಧಾನಕ್ಕೆ ಇಳಿಸೋಣ."

"ಹೊಟ್ಟೆ ತೊಳಸುತ್ತೆ."

"ಊಟದ ಜೊತೆ ತಗೊಳ್ಳಿ."

"ಊಟವೇ ಸೇರಲ್ಲ ಅಂದ್ರೆ ಯಾವುದರ ಜೊತೆ ತಗೊಳ್ಳಲಿ?"

ಡಾಕ್ಟರಮ್ಮ ನಕ್ಕು ಮುಂದಿನ ಎರಡು ತಿಂಗಳಿಗೆ ಚೀಟಿ ಬರೆದಳು.

ಮರುದಿನ, ಮಳೆ ಮುಗಿದ ಮೇಲೆ ಕಟ್ಟಿದ್ದ ಹಳೆಯ ಮಡಿಯ ಪಟ್ಟಿ ಬಿಚ್ಚುವ ಕೆಲಸವಿತ್ತು. ಒಂದು ಗಿಡವನ್ನು ಸೊಸೆಯ ಮುಂದೆ ಹಿಡಿದು ಕಸಿಯಮ್ಮ ತೋರಿಸಿದಳು. ಪಟ್ಟಿ ಬಿಚ್ಚುವುದು ತಡವಾಗಿ ಕಾಂಡ ನಡುವೆ ಉಂಗುರ ಬಿದ್ದ ಹಾಗೆ ಕುಗ್ಗಿತ್ತು.

"ನೋಡಿದ್ಯಾ? ಚಿಗುರಿದ ಮೇಲೂ ಪಟ್ಟಿ ಹಾಗೇ ಬಿಟ್ರೆ ಕತ್ತು ಹಿಸುಕಿದ ಹಾಗೆ. ಕಟ್ಟೋದು ಎಲ್ಲರೂ ಕಟ್ತಾರೆ. ಬಿಚ್ಚೋ ಹೊತ್ತು ಗೊತ್ತಿರೋಳೇ ಕಸಿಗಾತಿ."

ಕಣ್ಣು ಬೆಳ್ಳಗಿತ್ತು, ನೋವಿರಲಿಲ್ಲ, ಅಳತೆ ತಗ್ಗಿರಲಿಲ್ಲ. ಅವಳ ಲೆಕ್ಕದಲ್ಲಿ ಕಸಿ ಕೂತಿತ್ತು. ಆ ಸಂಜೆಯಿಂದ ಗುಳಿಗೆಯನ್ನು ನೀರಿನ ಲೋಟದ ಜೊತೆ ನೆರಳುಬಲೆಗೆ ಒಯ್ದು, ಬೇರುಗಿಡದ ಚೀಲದ ಮಣ್ಣಿನಲ್ಲಿ ಬೆರಳಿನಿಂದ ಒತ್ತಿ ಮುಚ್ಚತೊಡಗಿದಳು. ಯಾರಿಗೂ ಹೇಳಲಿಲ್ಲ. ಹೇಳಿದರೆ ಮನೆಯೆಲ್ಲ ಒಂದಾಗಿ ಮೈಮೇಲೆ ಬೀಳುತ್ತದೆಂದು ಅವಳಿಗೆ ಗೊತ್ತಿತ್ತು.

ಎರಡು ವಾರ ಕಳೆಯುವಷ್ಟರಲ್ಲಿ ಅನ್ನ ರುಚಿಸತೊಡಗಿತು. ಎರಡನೆಯ ಸಲ ಬಡಿಸಿಕೊಂಡಳು. ಸೊಸೆ ಖುಷಿಯಿಂದ ಬೇಳೆಗೆ ಒಂದು ಚಮಚ ತುಪ್ಪ ಹೆಚ್ಚು ಹಾಕಿದಳು.

"ಗುಳಿಗೆ ಅಂತೂ ಮೈಗೆ ಒಗ್ಗಿತು," ಎಂದ ಮಗ.

"ಹೂಂ, ಒಗ್ಗಿತು," ಎಂದಳು ಕಸಿಯಮ್ಮ, ತಟ್ಟೆಯಿಂದ ಮುಖ ಎತ್ತದೆ.

"ನನಗೆ ನಲವತ್ತು ವರ್ಷದಿಂದ ಒಂದು ಗುಳಿಗೆ ಒಗ್ಗಿಲ್ಲ," ಎಂದು ಯಜಮಾನ ಹೆಂಡತಿಯ ಕಡೆ ನೋಡಿದ. ಅವಳು ಮೊಸರಿನ ಪಾತ್ರೆಯನ್ನು ಅವನ ಕೈಗೆಟುಕದಷ್ಟು ದೂರಕ್ಕೆ ಸರಿಸಿದಳು.

ಒಳಕ್ಕೆ ತಿರುಗಿದ ರೆಪ್ಪೆಗೂದಲನ್ನು ಆಸ್ಪತ್ರೆಯಲ್ಲಿ ಕೊಟ್ಟ ಚಿಮುಟದಿಂದ ಕೀಳುವುದು ಸೊಸೆಯ ಕೆಲಸವಾಗಿತ್ತು. ಅಂಗಳದ ಬೆಳಕಿಗೆ ಮುಖ ಮಾಡಿಸಿ ಕೂರಿಸಿ, ಸೋಪಿನಲ್ಲಿ ಕೈ ತೊಳೆದು, ಉಸಿರು ಬಿಗಿಹಿಡಿದು ಕೀಳುತ್ತಿದ್ದಳು. ಹತ್ತು ದಿನಕ್ಕೊಮ್ಮೆ ಒಂದೋ ಎರಡೋ ಸಿಗುತ್ತಿದ್ದವು. ನಾಲ್ಕನೆಯ ವಾರ ಕಸಿಯಮ್ಮ ಮೂರು ದಿನಕ್ಕೊಮ್ಮೆ ಬಂದು ಮುಖ ಒಡ್ಡತೊಡಗಿದಳು.

"ಅತ್ತೆ, ಬಲಗಣ್ಣಲ್ಲೂ ನಾಲ್ಕು ತಿರುಗಿವೆ. ಮುಂಚೆ ಈ ಕಣ್ಣಲ್ಲಿ ಇರಲಿಲ್ಲ."

"ಬಿಸಿಲು ಕಣೆ. ಕೂದಲೂ ಒಣಗುತ್ತೆ."

"ಡಾಕ್ಟರಿಗೆ ಫೋನ್ ಮಾಡಲಾ?"

"ಕೂದಲು ಕೀಳೋದಕ್ಕೂ ಡಾಕ್ಟರ ಅಪ್ಪಣೆ ಬೇಕಾ? ಕಿತ್ತು ಕಳಿಸು, ಕಡ್ಡಿ ಬಾಡ್ತಿದೆ."

ಕಟ್ಟುವಾಗ ಬಲಗಣ್ಣು ಸುಮ್ಮನೆ ನೀರಾಡುತ್ತಿತ್ತು. ಒರೆಸಿಕೊಂಡು ಕಟ್ಟಿದಳು. ಸೀಳು ಎರಡಾಗಿ ಕಂಡರೆ ಹೆಬ್ಬೆರಳಿನಿಂದ ತಡವಿ ಕಟ್ಟಿದಳು. ಆ ವಾರ ಕಟ್ಟಿದ ಮಡಿ ದೊಡ್ಡ ತೋಟದವನಿಗೆ ಸೇರಬೇಕಾದದ್ದು. ಏನು ಹೇಳಿದರೂ ಹೂಂ ಎನ್ನುವುದರಿಂದ ಅವನಿಗೆ ಹೂಂಗಪ್ಪ ಎಂದೇ ಹೆಸರು ಬಿದ್ದಿತ್ತು. ಅವನು ಒಂದು ತೋಟಕ್ಕೆ ಗಿಡ ಹಾಕಿದನೆಂದರೆ ಸುತ್ತಲಿನ ಹತ್ತು ತೋಟದವರು ಅದೇ ಅಂಗಳಕ್ಕೆ ಬರುತ್ತಿದ್ದರು.

ಏಳನೆಯ ವಾರ ಅವನು ತನ್ನ ಗಿಡ ನೋಡಲು ಬಂದ. ಇನ್ನೂರರಲ್ಲಿ ಅರವತ್ತು ಕಡ್ಡಿ ಕಪ್ಪಾಗಿ ನಿಂತಿದ್ದವು. ಅವನು ಸಾಲಿನುದ್ದಕ್ಕೂ ನಡೆದು ಮರಳಿ ಬಂದ. ಹೂಂ ಎನ್ನಲೂ ಇಲ್ಲ.

"ಇದೇನಮ್ಮ ಹೀಗೆ? ನಿಮ್ಮ ಕೈಯಲ್ಲಿ ಹೀಗಾಗಿದ್ದು ನಾ ಕಂಡಿಲ್ಲ."

ಕಸಿಯಮ್ಮ ಒಂದು ಒಣಕಡ್ಡಿಯನ್ನು ಕಿತ್ತು ಮೂಗಿನ ಹತ್ತಿರ ಹಿಡಿದು ನೋಡಿದಳು. ಸೊಸೆ ನೀರಿನ ಪೈಪು ಹಿಡಿದು ಎರಡು ಮಾರು ದೂರದಲ್ಲಿ ನಿಂತಿದ್ದಳು.

"ನನ್ನ ಕೈ ಏನು ಮಾಡುತ್ತಪ್ಪ? ಕಡ್ಡಿ ಬಲಿತಿಲ್ಲ. ಕೊಯ್ದವಳು ಅವಳು. ಕೆಲವರ ಕೈಗುಣ ಅಷ್ಟೇ."

ಹೂಂಗಪ್ಪ ಸೊಸೆಯ ಕಡೆ ಒಮ್ಮೆ ನೋಡಿ, "ಹೂಂ," ಎಂದು ಹೊರಟುಹೋದ.

ಅಂದು ಊಟಕ್ಕೆ ಸೊಸೆ ಎಲ್ಲರಿಗೂ ಬಡಿಸಿ ತಾನು ಕೂರಲಿಲ್ಲ.

"ಕೂತ್ಕೊ," ಎಂದ ಮಗ.

"ಕೈಗುಣ ಸರಿಯಿಲ್ಲದೋಳು ಬಡಿಸಿದ್ದು ನಿಮಗೆ ಜೀರ್ಣವಾಗುತ್ತೋ ಇಲ್ಲವೋ, ನೋಡಿ ಆಮೇಲೆ ಕೂರ್ತೀನಿ."

"ಅಮ್ಮ ಒಂದು ಮಾತು ಅಂದ್ರೆ ಅದನ್ನೇ ಹಿಡ್ಕೊಂಡು ಜಗ್ಗಬೇಡ. ಕಡ್ಡಿ ನೋಡಿ ಕೊಯ್ದಿದ್ರೆ ಇದೆಲ್ಲ ಆಗ್ತಿರಲಿಲ್ಲ."

"ಆರು ವರ್ಷದಿಂದ ನಾನೇ ಕೊಯ್ತಿರೋದು. ಅದೇ ಮರ, ಅದೇ ಚಾಕು. ಕುಣೀಲಾರದೋಳು ನೆಲ ಡೊಂಕು ಅಂದಳಂತೆ."

"ಯಾರಿಗೆ ಹೇಳ್ತಿದ್ದೀಯ ಅದನ್ನ?" ಎಂದಳು ಕಸಿಯಮ್ಮ.

"ನೆಲಕ್ಕೆ ಹೇಳ್ತಿದ್ದೀನಿ ಅತ್ತೆ. ಅದು ಎದುರು ಮಾತಾಡಲ್ಲ."

ಯಜಮಾನ ತಲೆ ತಗ್ಗಿಸಿ ಅನ್ನ ಕಲಸುತ್ತಲೇ ಇದ್ದ.

ಮುಂದಿನ ವಾರ ಡಾಕ್ಟರಮ್ಮನ ಹತ್ತಿರ ಹೋಗುವ ಸರದಿ. ಮಗನಿಗೆ ದೂರದ ತೋಟಕ್ಕೆ ಗಿಡ ತಲುಪಿಸಬೇಕಿತ್ತು. ಸೊಸೆಯೇ ಬಸ್ಸಿನಲ್ಲಿ ಕರೆದುಕೊಂಡು ಹೋದಳು. ಕೋಪವಿತ್ತು, ಆದರೂ ದಾರಿಗೆ ಕಾಯಿಸಿ ಆರಿಸಿದ ನೀರನ್ನು ಬಾಟಲಿಗೆ ತುಂಬಿಕೊಂಡಿದ್ದಳು. ಬಸ್ಸಿನಲ್ಲಿ ಕೆಮ್ಮುತ್ತಿದ್ದವನೊಬ್ಬ ಪಕ್ಕಕ್ಕೆ ಬಂದಾಗ ಎದ್ದು ನಿಂತು ಅತ್ತೆಗೆ ಅಡ್ಡಗೋಡೆಯಾದಳು.

ಡಾಕ್ಟರಮ್ಮ ಅಳತೆಪಟ್ಟಿ ಇಟ್ಟಳು. ಹಳೆಯ ಕಾಗದ ತೆಗೆದು ನೋಡಿದಳು, ಮತ್ತೊಮ್ಮೆ ಅಳೆದಳು.

"ಎಂಟು ಮಿಲಿಮೀಟರ್ ಇದ್ದದ್ದು ಐದಾಗಿದೆ. ಎರಡೇ ತಿಂಗಳಲ್ಲಿ. ಗುಳಿಗೆ ತಪ್ಪಿಸಿದ್ರಾ?"

"ಇಲ್ಲ ಡಾಕ್ಟರೇ," ಎಂದಳು ಸೊಸೆ. "ವಾರಕ್ಕೊಮ್ಮೆ ಡಬ್ಬಿಗೆ ನಾನೇ ತುಂಬಿ ಕೊಡ್ತೀನಿ."

ಡಾಕ್ಟರಮ್ಮ ಅಳತೆಪಟ್ಟಿ ಕೆಳಗಿಟ್ಟು ಕಸಿಯಮ್ಮನ ಕಡೆ ತಿರುಗಿದಳು. ಹೊರಗೆ ನರ್ಸ್ ಯಾರದೋ ನಂಬರ್ ಕೂಗುತ್ತಿದ್ದಳು.

"ಬಿಟ್ಟೆ," ಎಂದಳು ಕಸಿಯಮ್ಮ. "ಎರಡು ತಿಂಗಳಾಯ್ತು. ಕಣ್ಣು ಬೆಳ್ಳಗಿತ್ತು. ನಮ್ಮಲ್ಲಿ ಕಸಿ ಕೂತ ಮೇಲೆ ಪಟ್ಟಿ ಬಿಚ್ಚಬೇಕು, ಇಲ್ಲಾಂದ್ರೆ ಗಿಡಕ್ಕೇ ಕೇಡು. ಇದೂ ಹಾಗೇ ಅಂದ್ಕೊಂಡೆ."

"ಕೂತಿದ್ದು ನಿಮಗೆ ಹೇಗೆ ಗೊತ್ತಾಗುತ್ತೆ?"

"ಚಿಗುರುತ್ತಲ್ಲ."

"ಚಿಗುರು ಕಣ್ಣಿಗೆ ಕಾಣುತ್ತೆ. ಈ ಕಾಯಿಲೆ ಕಾಣಲ್ಲ. ಕೆಂಪಾಗದೆ, ನೋವಾಗದೆ, ಬಿಳಿಗಣ್ಣಿನ ಅಡಿಯಲ್ಲೇ ಮುದುರುತ್ತೆ. ಅದಕ್ಕೇ ನಾನು ಪ್ರತಿಸಲ ಅಳತೆ ಇಡೋದು. ಹೊಟ್ಟೆ ತೊಳಸಿದ್ದಕ್ಕೆ ಬೇರೆ ದಾರಿ ಇತ್ತು, ಗುಳಿಗೆ ಬದಲಿಸಬಹುದಿತ್ತು. ಹೇಳಬೇಕಿತ್ತು ನನಗೆ."

"ಹೋದ ಮೂರು ಮಿಲಿಮೀಟರ್?"

"ಅದು ಬರಲ್ಲ ಅಮ್ಮ. ಉಳಿದ ಐದನ್ನ ಉಳಿಸೋಣ. ಗುಳಿಗೆ ಮತ್ತೆ ಶುರು, ಸ್ವಲ್ಪ ದಿನ ಸ್ಟೀರಾಯ್ಡ್ ಕೂಡ. ತಿಂಗಳಲ್ಲಿ ಹಿಡಿತಕ್ಕೆ ಬರದಿದ್ರೆ ಅಡ್ಮಿಟ್ ಮಾಡಿ ಡ್ರಿಪ್‌ನಲ್ಲಿ ಔಷಧಿ ಕೊಡಬೇಕು. ಒಂದು ವರ್ಷ ಅಂದಿದ್ದೆನಲ್ಲ, ಈಗ ಎಣಿಕೆ ಮೊದಲಿಂದ. ಎರಡೋ ಮೂರೋ ವರ್ಷ ಅಂತಿಟ್ಕೊಳ್ಳಿ. ಸಣ್ಣ ನೋಟದ ಕೆಲಸ ಸದ್ಯಕ್ಕೆ ಬೇಡ."

ಮರಳುವ ಬಸ್ಸಿನಲ್ಲಿ ಸೊಸೆ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಅರ್ಧ ದಾರಿಯಲ್ಲಿ ಬಾಟಲಿ ಮುಚ್ಚಳ ತೆಗೆದು, "ಗುಳಿಗೆ," ಎಂದಳು. ಕಸಿಯಮ್ಮ ಅವಳೆದುರೇ ನುಂಗಿದಳು. ನುಂಗಿದ ಮೇಲೆ ಸೊಸೆ, "ಬಾಯಿ ತೆಗೀರಿ," ಎಂದಳು. ಮುಂದಿನ ಸೀಟಿನವರು ತಿರುಗಿ ನೋಡುವಂತೆ ಕಸಿಯಮ್ಮ ಬಾಯಿ ತೆರೆದು ತೋರಿಸಿದಳು.

ಸಂಜೆ ಮಗ ಊಟಕ್ಕೆ ಕೂತವನು, ಹೂಂಗಪ್ಪ ಉಳಿದ ಗಿಡಗಳನ್ನೂ ಬೇಡ ಅಂದನೆಂದು ಹೇಳಿ ಹೆಂಡತಿಯ ಕಡೆ ತಿರುಗಿದ. "ನಿನ್ನ ಕಡ್ಡಿಯಿಂದ..."

"ಕಡ್ಡಿ ಸರಿಯಾಗೇ ಇತ್ತು," ಎಂದಳು ಕಸಿಯಮ್ಮ. "ನಾನು ಗುಳಿಗೆ ಬಿಟ್ಟಿದ್ದೆ. ಕಣ್ಣು ಕಾಣದೆ ಕಟ್ಟಿದ್ದು."

ಮಗ ತಟ್ಟೆ ತಳ್ಳಿದ. ಹದಿನಾರು ತಿಂಗಳು ಕೆಲಸ ಬಿಟ್ಟು ಬಿಟ್ಟು ಆಸ್ಪತ್ರೆ ಅಲೆದದ್ದು, ಮಗಳನ್ನು ಅಜ್ಜಿಯಿಂದ ದೂರವಿಟ್ಟದ್ದು, ಎಲ್ಲವನ್ನೂ ಒಂದೊಂದಾಗಿ ಎತ್ತಾಡಿದ. "ಯಾರಿಗೋಸ್ಕರ ಮಾಡಿದ್ವಿ ಅಮ್ಮ ಇದೆಲ್ಲ?" ಎಂದ.

"ಅನ್ನದ ಮುಂದೆ ಬೇಡ," ಎಂದ ಯಜಮಾನ. "ಬೇಲಿ ಹಾರಿದ ಹಸು ಮನೆಗೆ ಬಂದಿದೆ. ಕಟ್ಟಿಹಾಕಿ, ಬಡೀಬೇಡಿ."

ಸೊಸೆ ತಟ್ಟೆಗಳನ್ನು ಎತ್ತಿಕೊಂಡು ಹೊರಟಳು. ಪಾತ್ರೆ ತೊಳೆಯುವಲ್ಲಿ ಕಸಿಯಮ್ಮ ಅವಳ ಹಿಂದೆ ಹೋಗಿ ನಿಂತಳು.

"ಹೇಳಿದೆನಲ್ಲ ಎಲ್ಲರ ಮುಂದೆ."

"ಎಲ್ಲರ ಮುಂದೆ ಎಲ್ಲಿ ಹೇಳಿದ್ರಿ ಅತ್ತೆ? ಮನೆಯೊಳಗೆ ಹೇಳಿದ್ರಿ. ಕೈಗುಣ ಸರಿಯಿಲ್ಲ ಅಂತ ಅಂದಿದ್ದು ಅಂಗಳದಲ್ಲಿ, ಗಿರಾಕಿ ಎದುರಿಗೆ. ಇನ್ನು ಮುಂದೆ ಕಟ್ಟಬೇಕಾದವಳು ನಾನು. ಆ ಮಾತು ಅಂಟಿದ ಕೈಯಿಂದ ಯಾರು ಗಿಡ ಒಯ್ತಾರೆ?"

"ಅವನ ಮುಂದೆ ಹೋಗಿ ಕಣ್ಣು ಹೋಯ್ತು ಅಂತ ಹೇಳಲಾ? ಮೂವತ್ತೈದು ವರ್ಷದ ಹೆಸರು ಕಣೆ."

"ನಿಮ್ಮದು ಮೂವತ್ತೈದು ವರ್ಷದ್ದು. ನನ್ನದು ಶುರುವಾಗೋ ಮೊದಲೇ ಮುಗೀತು."

ಎರಡು ವಾರ ಸೊಸೆ ಬೇಕಾದಷ್ಟೇ ಮಾತಾಡಿದಳು. ಅತ್ತೆ, ಗುಳಿಗೆ. ಅತ್ತೆ, ಹನಿ. ಅತ್ತೆ, ಮೇಲೆ ನೋಡಿ. ಕೂದಲು ಕೀಳುವ ಕೈ ಮೊದಲಿನಷ್ಟೇ ಹಗುರವಾಗಿತ್ತು, ಅದೇ ಕಸಿಯಮ್ಮನಿಗೆ ಹೆಚ್ಚು ಚುಚ್ಚುತ್ತಿತ್ತು. ಹಗಲು ಸೊಸೆ ಮಣೆಯ ಮೇಲೆ ಕೂತು ಹಂಗಾಮಿನ ಕೊನೆಯ ಮಡಿ ಕಟ್ಟುತ್ತಿದ್ದಳು. ಕಸಿಯಮ್ಮ ಕಪ್ಪು ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕೂರುತ್ತಿದ್ದಳು. ಒಂದು ದಿನ ಕಟ್ಟಿ ಮುಗಿದ ಗಿಡವೊಂದನ್ನು ಕೈಗೆತ್ತಿಕೊಂಡು ಕಸಿಯ ಗಂಟನ್ನು ಹೆಬ್ಬೆರಳಿನಿಂದ ಸುತ್ತಲೂ ಸವರಿದಳು. ಎಲ್ಲೂ ಏರುತಗ್ಗು ತಾಗಲಿಲ್ಲ. ಇನ್ನೊಂದನ್ನು ಎತ್ತಿದಳು, ಮತ್ತೊಂದನ್ನು. ಅಷ್ಟರಲ್ಲಿ ಪಕ್ಕದೂರಿನ ಗಿರಾಕಿಯೊಬ್ಬ ಬೇಲಿಯಾಚೆಯೇ ನಿಂತು ಕೂಗಿದ:

"ಅಮ್ಮಾ, ನಿಮ್ಮ ಕೈಯದಿದ್ರೆ ಇಪ್ಪತ್ತು ಕೊಡಿ. ಸೊಸೆ ಮುಟ್ಟಿದ್ದು ಬೇಡ."

ಸೊಸೆಯ ಚಾಕು ಒಂದು ಕ್ಷಣ ನಿಂತು ಮತ್ತೆ ಹೆರೆಯತೊಡಗಿತು.

"ಇವತ್ತು ಗಿಡ ಇಲ್ಲ," ಎಂದು ಅವನನ್ನು ಕಳಿಸಿ, ಕಸಿಯಮ್ಮ ಎದ್ದಳು. ಕಾಲಿಗೆ ಚಪ್ಪಲಿ ಮೆಟ್ಟಿದಳು, ಬಾಯಿಗೆ ಮಾಸ್ಕ್ ಕಟ್ಟಿದಳು. ಗಂಡನನ್ನು ಕರೆದು, "ದೊಡ್ಡ ತೋಟದ ತನಕ ಕೈ ಹಿಡ್ಕೊಂಡು ಬನ್ನಿ," ಎಂದಳು.

"ನಲವತ್ತು ವರ್ಷ ಆದ ಮೇಲೆ ಬುದ್ಧಿ ಬಂತಾ ಕೈ ಹಿಡಿಯೋಕೆ?"

"ದಾರಿ ಕಾಣಲ್ಲ ಅಂತ ಕರೆದದ್ದು. ನಡೀರಿ."

ಹೂಂಗಪ್ಪ ಕೊಟ್ಟಿಗೆಯ ಮುಂದೆ ಬುಟ್ಟಿ ಜೋಡಿಸುತ್ತಿದ್ದ. ಕೂರಲು ಹೇಳಿದ. ಅವಳು ಕೂರಲಿಲ್ಲ, ಕಪ್ಪು ಕನ್ನಡಕ ತೆಗೆದಳು.

"ನಿಮ್ಮ ಅರವತ್ತು ಗಿಡ ಒಣಗಿದ್ದು ನನ್ನ ಕೈಯಿಂದ. ಸೊಸೆ ಕೊಯ್ದ ಕಡ್ಡಿ ಚೆನ್ನಾಗೇ ಇತ್ತು. ಔಷಧಿ ಬಿಟ್ಟು ಕಣ್ಣು ಕೆಡಿಸ್ಕೊಂಡೆ, ತೊಗಟೆ ಕೂಡಿದ್ದು ಕಾಣಲಿಲ್ಲ. ಅವಳ ಮೇಲೆ ಹಾಕಿದೆ."

ಹೂಂಗಪ್ಪ ಆ ಎರಡು ಕಣ್ಣುಗಳನ್ನು ನೋಡಿದ. ಒಂದು ಅರ್ಧ ಮುಚ್ಚಿಕೊಂಡೇ ಇತ್ತು. ಇನ್ನೊಂದರಿಂದ ನೀರು ತಾನಾಗಿ ಇಳಿಯುತ್ತಿತ್ತು.

"ಹೂಂ," ಎಂದ. ಕೈಯಲ್ಲಿದ್ದ ಬುಟ್ಟಿ ಕೆಳಗಿಟ್ಟು, "ಹಾಗಾದ್ರೆ ಇನ್ಮೇಲೆ ಕಟ್ಟೋರು ಯಾರು?"

"ಅವಳೇ."

"ನೀವು ಪಕ್ಕದಲ್ಲಿ ಕೂತು ನೋಡ್ತೀರಿ ತಾನೇ?"

"ನೋಡೋಕೆ ಆಗಲ್ಲ ಅಂತ ಹೇಳೋಕೇ ಬಂದಿದ್ದು ನಾನು."

ಅವನು ಬುಟ್ಟಿಯೊಂದನ್ನು ಬೋರಲು ಹಾಕಿ ಅದರ ಮೇಲೆ ಕೂತ. ಗಡ್ಡ ಕೆರೆದುಕೊಂಡ. "ಈ ಹಂಗಾಮಿಗೆ ಐವತ್ತು ಒಯ್ತೀನಿ. ಚಿಗುರಿದ್ದನ್ನ ನೋಡಿ ಮುಂದಿಂದು. ಕೇಳಿದವರಿಗೆ ನೀವು ಹೇಳಿದ್ದನ್ನೇ ಹೇಳ್ತೀನಿ, ಎರಡನ್ನೂ ಹೇಳ್ತೀನಿ. ಆಗಬಹುದಾ?"

ಎರಡನ್ನೂ ಎಂದರೇನೆಂದು ಅವಳಿಗೆ ತಿಳಿಯಿತು. ಸೊಸೆಯ ಕೈ ಸರಿಯಿದೆ ಎನ್ನುವುದೊಂದು. ಕಸಿಯಮ್ಮನ ಕೈ ಮುಗಿಯಿತು ಎನ್ನುವುದು ಇನ್ನೊಂದು.

"ಆಗಬಹುದು," ಎಂದು ಕನ್ನಡಕ ಹಾಕಿಕೊಂಡಳು.

ಮನೆಗೆ ಬಂದಾಗ ಸೊಸೆ ಕಟ್ಟಿದ ಗಿಡಗಳಿಗೆ ತೇವ ಆರದಂತೆ ಪಾಲಿಥೀನ್ ಟೊಪ್ಪಿಗೆ ತೊಡಿಸುತ್ತಿದ್ದಳು. ಮಾವ ಬೇಲಿಯಾಚೆಯಿಂದಲೇ ಎಲ್ಲವನ್ನೂ ಒದರಿಬಿಟ್ಟಿದ್ದ. ಆದರೂ ಅವಳು ಕೇಳಿದಳು:

"ಏನಂದ್ರು?"

"ಐವತ್ತು ಒಯ್ತಾರಂತೆ."

"ಇನ್ನೂರು ಒಯ್ತಿದ್ದೋರು."

"ಇನ್ನುಳಿದ ನೂರೈವತ್ತು ನನ್ನ ಬಾಯಿಂದ ಬರಲ್ಲ ಮಗಳೇ. ನಿನ್ನ ಕೈಯಿಂದ ಬರಬೇಕು."

ಸೊಸೆ ಕೈಯಲ್ಲಿದ್ದ ಟೊಪ್ಪಿಗೆಯನ್ನು ಗಿಡಕ್ಕೆ ಹಾಕಿ ದಾರ ಬಿಗಿದಳು. ಆಮೇಲೆ ಎದ್ದು ಕೈ ತೊಳೆದು, ಮಣೆಯ ಮೇಲೆ ಅರ್ಧ ಜಾಗ ಬಿಟ್ಟು ಕೂತಳು.

"ಬನ್ನಿ ಅತ್ತೆ, ಈ ಸಾಲು ಸವರಿ ನೋಡಿ. ಹನ್ನೆರಡನೆಯದು ಯಾಕೋ ನನಗೆ ಅನುಮಾನ."

ಕಸಿಯಮ್ಮ ಕೈಗವಸು ಹಾಕಿಕೊಂಡು ಕೂತು, ಒಂದರಿಂದ ಎಣಿಸುತ್ತಾ ಹೋದಳು. ಹನ್ನೆರಡನೆಯದರ ಮೇಲೆ ಹೆಬ್ಬೆರಳು ನಿಂತಿತು.

"ಬಿಚ್ಚು," ಎಂದಳು. "ಮತ್ತೆ ಕಟ್ಟು."